ಏರಿಯಾ ಬದಲಾದರೆ ಹಕ್ಕೂ ಬದಲು: ಮುಂಬೈಯಲ್ಲಿ ಮನೆ ಕೊಳ್ಳುವವರ ಪ್ರಶ್ನೆಗಳು

ಮುಂಬೈಯಲ್ಲಿ ಮನೆ ಕೊಳ್ಳಹೊರಟ ಓದುಗರ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಏರಿಯಾ ಒಳ್ಳೆಯದು?’ ಎಂದೇ ಶುರುವಾಗುತ್ತವೆ. ಈ ಊರಿನಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನನ್ನ ದುಡ್ಡಿಗೆ ನನ್ನ ಕೈಗೆ ಬರುವುದು ಏನು? ಗಿರ್‌ಗಾಂವ್, ಪರೇಲ್‌ನ ಹಳೆಯ ಚಾಳಿನಲ್ಲಿ ಅದು ಬಾಡಿಗೆದಾರನ ಹಕ್ಕು. ಅಂಧೇರಿ, ಮುಲುಂಡ್‌ನಲ್ಲಿ ಫ್ಲ್ಯಾಟಿನ ಜೊತೆಗೆ ಸೊಸೈಟಿಯ ಸದಸ್ಯತ್ವ. ನವಿ ಮುಂಬೈಯಲ್ಲಿ ಗುತ್ತಿಗೆ ನೆಲದ ಮೇಲಿನ ಮನೆ. ಡೊಂಬಿವಲಿ, ನಾಲಾಸೋಪಾರಾದ ಕೆಲವು ಗಲ್ಲಿಗಳಲ್ಲಿ ಕಾನೂನಿನ ಕಣ್ಣಿಗೆ ಏನೂ ಅಲ್ಲದಿರಬಹುದು. ಈ ಸಲದ ಏಳು ಪತ್ರಗಳಿಗೆ ಉತ್ತರ ಬರೆಯುವಾಗ ಮತ್ತೆ ಮತ್ತೆ ಇಲ್ಲಿಗೇ ಬರಬೇಕಾಯಿತು.

ಪ್ರಶ್ನೆ: ನಾನು ಕುಂದಾಪುರ ಕಡೆಯವನು. ಪರೇಲ್‌ನ ಹೋಟೆಲೊಂದರಲ್ಲಿ ಬಹಳ ವರ್ಷಗಳಿಂದ ಕ್ಯಾಷಿಯರ್ ಆಗಿದ್ದೇನೆ. ಹೋಟೆಲಿಗೆ ಹತ್ತಿರದ ಚಾಳಿನಲ್ಲಿ 180 ಚದರಡಿಯ ಖೋಲಿ ಪಗಡಿಯಲ್ಲಿ ಸಿಗುತ್ತಿದೆ. 38 ಲಕ್ಷ ಹೇಳುತ್ತಿದ್ದಾರೆ. ‘ಚಾಳು ಸದ್ಯದಲ್ಲೇ ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಆಮೇಲೆ ಕೋಟಿ ಬೆಲೆಯ ಫ್ಲ್ಯಾಟು’ ಎಂದು ನನ್ನ ಭಾವ ಒತ್ತಾಯಿಸುತ್ತಿದ್ದಾರೆ. ಅರ್ಧ ದುಡ್ಡು ನಗದಾಗಿ ಬೇಕಂತೆ. ಧೈರ್ಯ ಮಾಡಬಹುದೇ ಸರ್?
— ಹೋಟೆಲ್ ಕ್ಯಾಷಿಯರ್, ಪರೇಲ್

ಉತ್ತರ: ಪಗಡಿಯಲ್ಲಿ ಮನೆ ನಿಮ್ಮದಾಗುವುದಿಲ್ಲ, ಬಾಡಿಗೆ ಚೀಟಿ ನಿಮ್ಮ ಹೆಸರಿಗೆ ಬರುತ್ತದೆ. ಕಟ್ಟಡ, ನೆಲ ಎರಡೂ ಮಾಲೀಕರ ಹೆಸರಿನಲ್ಲೇ ಉಳಿಯುತ್ತವೆ. ಹಾಗೆಂದು ಇದು ಕಳ್ಳ ವ್ಯವಹಾರವಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಪಗಡಿ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಒಪ್ಪಿದೆ. ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಯಲ್ಲಿ ಮೂರು ತಲೆಮಾರು ಕಳೆದ ಕುಟುಂಬಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಆದರೆ ಈ ಹಕ್ಕಿನ ಮೇಲೆ ಸಾಮಾನ್ಯವಾಗಿ ಬ್ಯಾಂಕ್ ಸಾಲ ಸಿಗದು, ಯಾಕೆಂದರೆ ಅಡಮಾನ ಇಡಲು ನಿಮ್ಮ ಬಳಿ ಆಸ್ತಿಯೇ ಇರುವುದಿಲ್ಲ. ಅಂದರೆ ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಸಲ ತೆಗೆದಿಡಬೇಕಾಗುತ್ತದೆ.

ಮೊದಲು ಮಾಲೀಕರನ್ನು ಕಾಣಿ. ಅವರ ಲಿಖಿತ ಒಪ್ಪಿಗೆ ಇಲ್ಲದೆ ಖೋಲಿ ಕೈ ಬದಲಾದರೆ ನೀವು ಅಲ್ಲಿ ಅತಿಕ್ರಮಣಕಾರ. ವರ್ಗಾವಣೆಯಾದಾಗ ಮಾಲೀಕರು ಪಾಲು ಕೇಳುವ ರೂಢಿಯಿದೆ, ಎಷ್ಟೋ ಕಡೆ ಅದು ಮೂರನೇ ಒಂದರಷ್ಟು. 38 ಲಕ್ಷದಲ್ಲಿ ಆ ಪಾಲು ಸೇರಿದೆಯೇ, ಇಲ್ಲವೇ ಎಂಬುದು ಬರಹದಲ್ಲಿ ಬರಲಿ. ಹಳೆಯ ಬಾಡಿಗೆ ರಸೀದಿಗಳು ಒಂದರ ಹಿಂದೆ ಒಂದು ಸರಪಳಿಯಂತೆ ಕೂಡಬೇಕು. ಹೊಸ ಬಾಡಿಗೆ ಕರಾರು ನಿಮ್ಮ ಹೆಸರಿನಲ್ಲಿ ನೋಂದಣಿಯಾಗಬೇಕು; ಅದೇ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ.

ಇನ್ನು ಭಾವನವರ ಕೋಟಿಯ ಮಾತು. ಅದು ಪೂರ್ತಿ ಸುಳ್ಳಲ್ಲ. ದ್ವೀಪ ನಗರದ ಹಳೆಯ ಸೆಸ್ ಕಟ್ಟಡಗಳು (ರಿಪೇರಿಗಾಗಿ ಸೆಸ್ ಕಟ್ಟುವಂಥವು) 33(7) ಎಂಬ ನಿಯಮದಡಿ ಮರುನಿರ್ಮಾಣವಾದರೆ ಅರ್ಹ ಬಾಡಿಗೆದಾರರಿಗೆ ಹೊಸ ಮನೆ ಸ್ವಂತಕ್ಕೇ ಸಿಗುತ್ತದೆ. ಇಲ್ಲಿ ‘ಅರ್ಹ’ ಎಂಬುದೇ ಮುಖ್ಯ. 1996ರ ಜೂನ್ 13ರ ನಂತರ ಹೊಸದಾಗಿ ಹುಟ್ಟಿಸಿದ ಬಾಡಿಗೆ ಹಕ್ಕು ಆ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಒಂದು ಖೋಲಿಯನ್ನು ಗೋಡೆ ಎಬ್ಬಿಸಿ ಎರಡು ಮಾಡಿ ಮಾರಿದ ಉದಾಹರಣೆಗಳು ಹಲವು. ನಿಮಗೆ ತೋರಿಸಿದ 180 ಚದರಡಿ ಮೊದಲಿನಿಂದಲೂ ಒಂದೇ ಖೋಲಿಯೇ ಎಂದು ರಾಜ್ಯದ ಗೃಹ ನಿರ್ಮಾಣ ಸಂಸ್ಥೆ ಮ್ಹಾಡಾದ ರಿಪೇರಿ ಬೋರ್ಡಿನ ದಾಖಲೆಯಲ್ಲಿ ನೋಡಿಸಿ. ಕಟ್ಟಡ ಸೆಸ್ ಪಟ್ಟಿಯಲ್ಲಿದೆಯೇ, ಅಪಾಯಕಾರಿ ಎಂಬ ನೋಟಿಸ್ ಬಂದಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಚಾಳಿನ ಪಕ್ಕದ ಮನೆಯವರು ಒಂದು ಕಪ್ ಚಹಾದ ಹೊತ್ತಿನಲ್ಲಿ ಹೇಳುವ ವಿಷಯ ಬ್ರೋಕರ್ ಎಂದಿಗೂ ಹೇಳುವುದಿಲ್ಲ. ಅವರ ಹತ್ತಿರವೂ ಹೋಗಿ.

‘ಸದ್ಯದಲ್ಲೇ’ ಎಂಬ ಮಾತಿಗೆ ಮಾತ್ರ ನಾನು ಬೆಲೆ ಕೊಡುವುದಿಲ್ಲ. ಬಿಲ್ಡರ್ ಕೈಬಿಟ್ಟರೆ ಟ್ರಾನ್ಸಿಟ್ ಕ್ಯಾಂಪಿನಲ್ಲೇ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಈಗಿರುವ ಖೋಲಿಯಲ್ಲಿ, ಈಗಿರುವ ಸಾಮಾನ್ಯ ಶೌಚಾಲಯದೊಡನೆ, ಹತ್ತು ವರ್ಷ ಇರಬಲ್ಲೆವು ಎಂದು ಮನೆಯವರೆಲ್ಲ ಒಪ್ಪುವುದಾದರೆ ಮಾತ್ರ ಮುಂದುವರಿಯಿರಿ.

ನಗದಿನ ಮಾತಿಗೆ ಉತ್ತರ ಒಂದೇ: ಕೊಡಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಪಡೆದವನಿಗೆ ಅಷ್ಟೇ ಮೊತ್ತದ ದಂಡವಿದೆ. ನಿಮಗಾಗುವ ನಷ್ಟ ಅದಕ್ಕಿಂತ ದೊಡ್ಡದು. ನಾಳೆ ವ್ಯವಹಾರ ಮುರಿದರೆ 19 ಲಕ್ಷ ಕೊಟ್ಟದ್ದಕ್ಕೆ ನಿಮ್ಮ ಬಳಿ ಒಂದು ಚೂರು ಕಾಗದವೂ ಇರುವುದಿಲ್ಲ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ನನ್ನ ಆಫೀಸ್ ಬಿಕೆಸಿಯಲ್ಲಿ, ನನ್ನವರದ್ದು ಲೋವರ್ ಪರೇಲ್‌ನಲ್ಲಿ. ಮಗಳಿಗೆ ಮೂರು ವರ್ಷ. ಈಗ ಮರೋಳ್‌ನಲ್ಲಿ ಬಾಡಿಗೆಗೆ ಇದ್ದೇವೆ. ಸಾಲವೂ ಸೇರಿ ಒಂದು ಕೋಟಿ ಹತ್ತು ಲಕ್ಷ ಹೊಂದಿಸಬಲ್ಲೆವು. ಮೀರಾ ರೋಡ್, ಠಾಣೆಯ ಘೋಡ್‌ಬಂದರ್ ರಸ್ತೆ, ಉಲ್ವೆ ಈ ಮೂರು ಮನಸ್ಸಿನಲ್ಲಿವೆ. ಯಾವುದು ಸರಿ?
— ದಂಪತಿ, ಮರೋಳ್

ಉತ್ತರ: ಮುಂಬೈಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಯಾವ ಲೈನ್, ಎಷ್ಟು ಕಡೆ ಗಾಡಿ ಬದಲಿಸಬೇಕು, ಹತ್ತಲು ಜಾಗ ಸಿಗುತ್ತದೆಯೇ ಎಂಬುದರಲ್ಲಿ ಅಳೆಯಬೇಕು.

ಉಲ್ವೆಯನ್ನು ಮೊದಲು ಬದಿಗಿಡುತ್ತೇನೆ. 2024ರ ಜನವರಿಯಲ್ಲಿ ಅಟಲ್ ಸೇತು ತೆರೆದ ಮೇಲೆ ಉಲ್ವೆ ಹತ್ತಿರವಾಯಿತು ಎಂಬ ಜಾಹೀರಾತು ನೋಡಿರುತ್ತೀರಿ. ಹತ್ತಿರವಾದದ್ದು ಕಾರಿರುವವರಿಗೆ. ರೈಲಿನಲ್ಲಿ ಹೋಗುವವರು ಉರಣ್ ಲೈನಿನಿಂದ ನೆರುಳ್ ಅಥವಾ ಬೇಲಾಪುರಕ್ಕೆ ಬಂದು ಹಾರ್ಬರ್ ಗಾಡಿ ಹಿಡಿಯಬೇಕು. ಹಾರ್ಬರ್ ಲೈನಿನಲ್ಲಿ ಫಾಸ್ಟ್ ಲೋಕಲ್ ಇಲ್ಲ. ಕುರ್ಲಾದಲ್ಲಿ ಇಳಿದು ಬಿಕೆಸಿಗೆ, ಅಥವಾ ಇನ್ನೂ ಬದಲಿಸಿ ಲೋವರ್ ಪರೇಲ್‌ಗೆ. ಮೂರು ವರ್ಷದ ಮಗುವನ್ನು ಡೇ ಕೇರ್‌ನಲ್ಲಿ ಬಿಟ್ಟು ದಿನವೂ ಮಾಡುವ ಪ್ರಯಾಣ ಇದಲ್ಲ.

ಘೋಡ್‌ಬಂದರ್ ರಸ್ತೆಯ ಕಟ್ಟಡಗಳು ಚೆನ್ನಾಗಿವೆ, ಬೆನ್ನಿಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಹಸಿರೂ ಇದೆ. ಆದರೆ ಅಲ್ಲಿಂದ ಠಾಣೆ ಸ್ಟೇಷನ್ ಮುಟ್ಟುವುದೇ ಒಂದು ಪ್ರಯಾಣ. ವಡಾಲಾದಿಂದ ಕಾಸರವಡವಲಿಗೆ ಬರುವ ಮೆಟ್ರೋ 4ರ ಕೆಲಸ 2018ರಲ್ಲಿ ಶುರುವಾಯಿತು, ಅಂದಿನಿಂದಲೇ ಆ ಮೆಟ್ರೋದ ಹೆಸರಿನಲ್ಲಿ ಅಲ್ಲಿ ಫ್ಲ್ಯಾಟುಗಳು ಮಾರಾಟವಾಗುತ್ತಿವೆ. ಕಂಬ ಎದ್ದದ್ದಕ್ಕೆ ಬೆಲೆ ಕೊಡಬೇಡಿ, ಗಾಡಿ ಓಡಿದ್ದಕ್ಕೆ ಕೊಡಿ. ಈ ಊರಿನಲ್ಲಿ ಹೊಸ ಸಾರಿಗೆ ಬಂದೇ ಬರುತ್ತದೆ, ಹೇಳಿದ ವರ್ಷಕ್ಕೆ ಬರುವುದು ಅಪರೂಪ. ಅಷ್ಟರವರೆಗಿನ ಕಂತು ಕಟ್ಟುವವರು ನೀವು.

ಉಳಿದದ್ದು ಮೀರಾ ರೋಡ್. ಮೂರರಲ್ಲಿ ನಿಮಗೆ ಹೊಂದುವುದು ಇದೇ. ಪಶ್ಚಿಮ ರೈಲ್ವೆಯ ಒಂದೇ ಲೈನಿನಲ್ಲಿ ಬಿಕೆಸಿಗೆ ಇಳಿಯುವ ಬಾಂದ್ರಾವೂ ಇದೆ, ಲೋವರ್ ಪರೇಲೂ ಇದೆ. ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಮೀರಾ ರೋಡ್ ಪ್ಲಾಟ್‌ಫಾರಂನಲ್ಲಿ ನಿಲ್ಲಿ. ವಿರಾರ್‌ನಿಂದ ತುಂಬಿ ಬರುವ ಗಾಡಿಗೆ ಹತ್ತಲು ಆಗುತ್ತದೆಯೇ ನೋಡಿ. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತು ನೋಡದೆ ಟೋಕನ್ ಕೊಡಬೇಡಿ ಎಂದು ನಾನು ಪ್ರತಿ ಹೆಣ್ಣುಮಗಳಿಗೂ ಹೇಳುತ್ತೇನೆ. ಗಂಡಸರು ಆರಿಸಿದ ಮನೆಯಿಂದ ದಿನಾ ಜೀವ ಕೈಯಲ್ಲಿ ಹಿಡಿದು ಆಫೀಸಿಗೆ ಹೋಗುವ ಹೆಂಗಸರು ಇಲ್ಲಿ ಬಹಳ.

ಮೀರಾ-ಭಾಯಂದರ್ ಬೇರೆಯೇ ಮಹಾನಗರ ಪಾಲಿಕೆ, ಬಿಎಂಸಿ ಅಲ್ಲ. ಸ್ಟ್ಯಾಂಪ್ ಡ್ಯೂಟಿ ಮುಂಬೈಗಿಂತ ಶೇಕಡ 1 ಹೆಚ್ಚು. ನೀರಿನ ಬಗ್ಗೆ ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದರೆ ಸಾಲದು, ಹಿಂದಿನ ಏಪ್ರಿಲ್-ಮೇ ತಿಂಗಳ ಲೆಕ್ಕಪತ್ರ ಕೇಳಿ ಟ್ಯಾಂಕರಿಗೆ ಎಷ್ಟು ಹೋಗಿದೆ ನೋಡಿ. ಅದು ನಿಮ್ಮ ಮೇಂಟೆನೆನ್ಸ್ ಬಿಲ್ಲಿನಲ್ಲೇ ಬರುತ್ತದೆ. ಅಲ್ಲಿನ ಎಷ್ಟೋ ಕಟ್ಟಡಗಳು ಉಪ್ಪಿನ ಗದ್ದೆ, ಅಳಿವೆಯ ಬದಿ ತುಂಬಿಸಿದ ತಗ್ಗಿನಲ್ಲಿವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದದ್ದು ಎಲ್ಲರಿಗೂ ನೆನಪಿದೆ. ಅಷ್ಟು ಸುರಿಯಬೇಕೆಂದೇನೂ ಇಲ್ಲ. ನಾಲ್ಕೂವರೆ ಮೀಟರ್ ಮೀರಿದ ಉಬ್ಬರವೂ ಜೋರು ಮಳೆಯೂ ಒಂದೇ ಹೊತ್ತಿಗೆ ಕೂಡಿದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯದೆ ಹಿಂದಕ್ಕೆ ಬರುತ್ತದೆ. ಮಾಟುಂಗಾದ ಕಿಂಗ್ಸ್ ಸರ್ಕಲ್, ದಾದರ್ ಕಡೆಯ ಹಿಂದ್‌ಮಾತಾ, ಅಂಧೇರಿ ಸಬ್‌ವೇ ವರ್ಷವೂ ಮುಳುಗುವುದು ಹೀಗೆ. ಕಟ್ಟಡದ ಕೆಳಗಿನ ಕಿರಾಣಿ ಅಂಗಡಿಯವರನ್ನು ‘ನಿಮ್ಮ ಅಂಗಡಿಯ ಕೆಳಗಿನ ಹಲಗೆ ಯಾಕೆ ಇಷ್ಟು ಎತ್ತರದಲ್ಲಿದೆ?’ ಎಂದು ಕೇಳಿ, ನೀರು ಎಲ್ಲಿಗೆ ಬರುತ್ತದೆ ಎಂದು ಅವರೇ ತೋರಿಸುತ್ತಾರೆ.

ಹೊಸ ಕಟ್ಟಡವೋ ಹಳೆಯದೋ ಎಂಬುದಕ್ಕೂ ಲೆಕ್ಕವಿದೆ. ಕಟ್ಟುತ್ತಿರುವ ಮನೆಗೆ ಶೇಕಡ 5 ಜಿಎಸ್‌ಟಿ, ಓಸಿ (ವಾಸಕ್ಕೆ ಪಾಲಿಕೆ ಕೊಡುವ ಪ್ರಮಾಣಪತ್ರ) ಬಂದ ಮನೆಗೆ ಅದಿಲ್ಲ. ಒಂದು ಕೋಟಿಗೆ ಐದು ಲಕ್ಷ ಎಂದರೆ ಮಗಳ ಶಾಲೆಯ ಕೆಲವು ವರ್ಷಗಳ ಫೀಸು. ಏನೇ ಆದರೂ ಕಾರ್ಪೆಟ್ ಏರಿಯಾದ ಮೇಲೇ ಬೆಲೆ ಮಾತಾಡಿ, ಸೂಪರ್ ಬಿಲ್ಟ್‌ಅಪ್ ಎಂಬ ಅಳತೆಯನ್ನು ಮಾತಿಗೇ ತೆಗೆದುಕೊಳ್ಳಬೇಡಿ.

ನೀವು ಕೇಳದ ಒಂದು ಮಾತು. ಮರೋಳ್ ನಾಕಾದಲ್ಲಿ ಈಗ ಎರಡು ಮೆಟ್ರೋ ಕೂಡುತ್ತವೆ. ಭೂಗತ ಮೆಟ್ರೋ 3 ಆರೆಯಿಂದ ಬಿಕೆಸಿವರೆಗೆ 2024ರ ಅಕ್ಟೋಬರ್‌ನಲ್ಲಿ, ಕಫ್ ಪರೇಡ್‌ವರೆಗೆ 2025ರ ಅಕ್ಟೋಬರ್‌ನಲ್ಲಿ ಓಡಲು ಶುರುವಾಯಿತು. ನೀವಿಬ್ಬರೂ ಈಗಿರುವ ಜಾಗ ನಿಮ್ಮ ಕೆಲಸಕ್ಕೆ ಬಹಳ ಅನುಕೂಲದ್ದು. ಬಾಡಿಗೆ ಕೊಡುವುದು ದುಡ್ಡು ನೀರಿಗೆ ಹಾಕಿದಂತೆ ಎಂದು ಹಿರಿಯರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮಗಳು ಒಂದನೇ ತರಗತಿಗೆ ಸೇರುವವರೆಗೆ ಇಲ್ಲೇ ಇದ್ದು, ಅಷ್ಟರಲ್ಲಿ ಅಂಧೇರಿ ಪೂರ್ವ, ಜೋಗೇಶ್ವರಿಯ ಹಳೆಯ ಸೊಸೈಟಿಗಳಲ್ಲಿ ಚಿಕ್ಕ ಮನೆ ನೋಡುತ್ತಿರುವುದೂ ಒಂದು ದಾರಿ.

ಪ್ರಶ್ನೆ: ಡೊಂಬಿವಲಿ ಪೂರ್ವದಲ್ಲಿ ಏಳು ಮಹಡಿಯ ಹೊಸ ಕಟ್ಟಡ. ಪಕ್ಕದ ಕಟ್ಟಡಗಳಿಗಿಂತ ಹತ್ತು ಲಕ್ಷ ಅಗ್ಗ. ಬಿಲ್ಡರ್ ಮಹಾರೇರಾ ನಂಬರ್ ತೋರಿಸಿದ್ದಾರೆ. ಓಸಿ ಆಮೇಲೆ ಬರುತ್ತದಂತೆ. ಕೈಯಲ್ಲಿ ನಂಬರ್ ಇರುವಾಗ ಹೆದರಿಕೆ ಏಕೆ ಎನ್ನುತ್ತಾರೆ ಸ್ನೇಹಿತರು.
— ಖಾಸಗಿ ಕಂಪನಿ ಉದ್ಯೋಗಿ, ಡೊಂಬಿವಲಿ

ಉತ್ತರ: ನಿಮ್ಮದೇ ಊರಿನಲ್ಲಿ ಆದದ್ದನ್ನು ಸ್ನೇಹಿತರಿಗೆ ನೆನಪಿಸಿ. ಕಲ್ಯಾಣ-ಡೊಂಬಿವಲಿ ಪಾಲಿಕೆಯ ಅನುಮತಿ ಪತ್ರವನ್ನೇ ನಕಲಿ ಮಾಡಿ, ಆ ನಕಲಿಯನ್ನು ತೋರಿಸಿ ಮಹಾರೇರಾ ನಂಬರ್ ಪಡೆದ 65 ಕಟ್ಟಡಗಳನ್ನು ಕೆಡವಬೇಕೆಂದು ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶ ಮಾಡಿತು. ಅಲ್ಲಿದ್ದವರೂ ನಂಬರ್ ನೋಡಿಯೇ ಕೊಂಡವರು, ಹಲವರಿಗೆ ಬ್ಯಾಂಕ್ ಸಾಲವೂ ಸಿಕ್ಕಿತ್ತು. ನಾಲಾಸೋಪಾರಾದಲ್ಲಿ ಕಸ ಸುರಿಯುವ ಜಾಗಕ್ಕೆ, ಕೊಳಚೆ ಶುದ್ಧೀಕರಣ ಘಟಕಕ್ಕೆ ಮೀಸಲಿದ್ದ ನೆಲದ ಮೇಲೆ ಎದ್ದಿದ್ದ 41 ಕಟ್ಟಡಗಳನ್ನು 2025ರ ಆರಂಭದಲ್ಲಿ ಉರುಳಿಸಿದರು. ಅಲ್ಲಿದ್ದ ಸಾವಿರಾರು ಮಂದಿ ಬೀದಿಗೆ ಬಂದರು. ಇದು ದೂರದ ಉಪನಗರದ ಬಡವರ ಕಥೆ ಮಾತ್ರ ಎಂದೂ ತಿಳಿಯಬೇಡಿ. ವರ್ಲಿಯ ಕ್ಯಾಂಪಾ ಕೋಲಾ ಕಾಂಪೌಂಡಿನಲ್ಲಿ ಅನುಮತಿ ಮೀರಿ ಕಟ್ಟಿದ ಮಹಡಿಗಳ ಮನೆಗಳನ್ನು ದಶಕಗಳ ನಂತರ ಖಾಲಿ ಮಾಡಲು ಸುಪ್ರೀಂ ಕೋರ್ಟ್ ಹೇಳಿತು.

ರೇರಾ ನಂಬರ್ ಎಂದರೆ ಬಿಲ್ಡರ್ ತಾನು ಕೊಟ್ಟ ಕಾಗದಗಳನ್ನು ನೋಂದಾಯಿಸಿದ್ದಾನೆ ಎಂದರ್ಥ. ಆ ಕಾಗದ ನಿಜವೇ ಎಂದು ಹೇಳಬೇಕಾದ್ದು ಅದನ್ನು ಕೊಟ್ಟ ಕಚೇರಿ. ಮಹಾರೇರಾ ಜಾಲತಾಣದಿಂದ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಇಳಿಸಿಕೊಂಡು, ಅದರ ನಂಬರ್ ಹಿಡಿದು ಪಾಲಿಕೆಯ ನಗರ ರಚನಾ ವಿಭಾಗಕ್ಕೆ ನೀವೇ ಹೋಗಿ. ಬಾಯಿಮಾತಿನ ಉತ್ತರ ಬಂದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಸಾತ್‌ಬಾರಾ ಉತಾರೆಯಲ್ಲಿ ನೆಲ ಯಾರ ಹೆಸರಿನಲ್ಲಿದೆ, ಕೃಷಿಯೇತರ ಆದೇಶ ಆಗಿದೆಯೇ, ಅಭಿವೃದ್ಧಿ ನಕ್ಷೆಯಲ್ಲಿ ಆ ಸರ್ವೆ ನಂಬರ್ ಯಾವುದಕ್ಕಾದರೂ ಮೀಸಲಾಗಿದೆಯೇ ಎಂದು ನೋಡಲು ವಕೀಲರಿಗೆ ಒಂದಿಷ್ಟು ಫೀಸು ಕೊಡಬೇಕಾಗುತ್ತದೆ. ಹತ್ತು ಲಕ್ಷ ಅಗ್ಗ ಎಂದು ಕೇಳಿದಾಗಲೇ ಆ ಫೀಸು ಪಕ್ಕಕ್ಕೆ ತೆಗೆದಿಡಬೇಕು.

ಅಗ್ರಿಮೆಂಟ್ ನೋಂದಣಿಯಾಗುವ ಮೊದಲು ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಅಧಿಕಾರ ಯಾವ ಬಿಲ್ಡರ್‌ಗೂ ಇಲ್ಲ, 2016ರ ರೇರಾ ಕಾಯ್ದೆಯಲ್ಲೇ ಇದೆ. ನಿಮ್ಮ ಬಿಲ್ಡರ್ ಹೆಚ್ಚು ಕೇಳುತ್ತಿದ್ದರೆ ಉಳಿದದ್ದನ್ನು ಪರೀಕ್ಷಿಸುವ ಶ್ರಮವೇ ಬೇಡ, ಎದ್ದು ಬನ್ನಿ. ಓಸಿ ಇಲ್ಲದ ಮನೆಗೆ ಗೃಹಪ್ರವೇಶ ಮಾಡಬೇಡಿ.

ಪ್ರಶ್ನೆ: ಘಾಟ್‌ಕೋಪರ್‌ನಲ್ಲಿ ನಮಗೆ ಹಿಡಿಸಿದ ಮನೆಗೆ ಟೋಕನ್ ಕೊಡಲು ಹೋದಾಗ ಬ್ರೋಕರ್ ‘ನೀವು ಮೀನು ತಿನ್ನುವವರೇ? ಈ ಸೊಸೈಟಿ ಶಾಕಾಹಾರಿಗಳಿಗೆ ಮಾತ್ರ’ ಎಂದರು. ಅತ್ತೆಗೆ ಬಹಳ ನೋವಾಯಿತು. ಅವರು ಮೂವತ್ತು ವರ್ಷದಿಂದ ಇದೇ ಏರಿಯಾದಲ್ಲಿ ಬಾಡಿಗೆಗಿದ್ದವರು. ಕಾನೂನು ಏನು ಹೇಳುತ್ತದೆ?
— ಗೃಹಿಣಿ, ಘಾಟ್‌ಕೋಪರ್

ಉತ್ತರ: ಅತ್ತೆಯವರ ನೋವು ನನಗೆ ಅರ್ಥವಾಗುತ್ತದೆ. ಊರು ಕಟ್ಟಲು ಬೆವರು ಸುರಿಸಿದವರನ್ನು ಅಡುಗೆಮನೆಯ ವಾಸನೆ ನೋಡಿ ಬಾಗಿಲಲ್ಲಿ ನಿಲ್ಲಿಸುವುದು ಅವಮಾನವೇ.

ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ, 1960ರ ಪ್ರಕಾರ ಅರ್ಹ ವ್ಯಕ್ತಿಗೆ ಸಾಕಷ್ಟು ಕಾರಣವಿಲ್ಲದೆ ಸೊಸೈಟಿ ಸದಸ್ಯತ್ವ ನಿರಾಕರಿಸುವಂತಿಲ್ಲ. ಅರ್ಜಿ ಕೊಟ್ಟು ಮೂರು ತಿಂಗಳಲ್ಲಿ ತೀರ್ಮಾನ ತಿಳಿಸದಿದ್ದರೆ ಸದಸ್ಯತ್ವ ಸಿಕ್ಕಿತೆಂದೇ ಕಾನೂನು ಭಾವಿಸುತ್ತದೆ. ನಿರಾಕರಿಸಿದರೆ ರಿಜಿಸ್ಟ್ರಾರ್ ಮುಂದೆ ಮೇಲ್ಮನವಿ ಹೋಗಬಹುದು. ಸರ್ಕಾರದ ಮಾದರಿ ಉಪನಿಯಮಗಳಲ್ಲಿ ಊಟದ ಷರತ್ತು ಎಲ್ಲೂ ಇಲ್ಲ. ಒಂದು ತೊಡಕು ಮಾತ್ರ ತಿಳಿದಿರಲಿ. ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ, ಸದಸ್ಯತ್ವ ಒಂದು ಸಮುದಾಯಕ್ಕೆ ಮಾತ್ರ ಎಂದಿದ್ದ ನೋಂದಾಯಿತ ಉಪನಿಯಮವನ್ನು ಎತ್ತಿಹಿಡಿಯಿತು. ಆದ್ದರಿಂದ ಈ ಸೊಸೈಟಿಯ ನೋಂದಾಯಿತ ಉಪನಿಯಮದ ಪ್ರತಿಯನ್ನು ತರಿಸಿ ಓದುವುದೇ ಮೊದಲ ಕೆಲಸ.

ಎಷ್ಟೋ ಸಲ ಈ ಮಾತು ಸೊಸೈಟಿಯದ್ದೇ ಆಗಿರುವುದಿಲ್ಲ, ಬ್ರೋಕರ್‌ನದ್ದು. ಮಾರುವವರ ಮೂಲಕ ಸೆಕ್ರೆಟರಿಗೆ ಪತ್ರ ಬರೆಸಿ, ಉತ್ತರವೂ ಬರಹದಲ್ಲೇ ಬರಲಿ. ಹಾಗೆ ಕೇಳಿದ ಕೂಡಲೇ ಅರ್ಧ ಆಕ್ಷೇಪಣೆಗಳು ಮಾಯವಾಗುವುದನ್ನು ನೋಡಿದ್ದೇನೆ. ಹಾಗೆಯೇ ‘ಡೊನೇಷನ್’ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳಿದರೆ, ವರ್ಗಾವಣೆ ಪ್ರೀಮಿಯಂಗೆ 25,000 ರೂಪಾಯಿಯ ಗರಿಷ್ಠ ಮಿತಿ ಇದೆ ಎಂದು ನೆನಪಿಸಿ.

ಗೆದ್ದು ಒಳಗೆ ಹೋದ ಮೇಲೆ ಅದೇ ನೆರೆಯವರ ನಡುವೆ ಇರಬೇಕಾದವರು ನೀವು. ಹೋರಾಡುವುದೋ, ಎರಡು ಗಲ್ಲಿ ಆಚೆ ಮನೆ ನೋಡುವುದೋ ಎಂಬುದನ್ನು ಅತ್ತೆಯವರಿಗೇ ಬಿಡಿ, ಹಗಲಿಡೀ ಮನೆಯಲ್ಲಿರುವವರು ಅವರು. ಹೋರಾಡುವುದಾದರೆ ನನ್ನ ಬೆಂಬಲ ಪೂರ್ತಿ ಇದೆ. ನಮ್ಮ ಮುಸ್ಲಿಂ, ದಲಿತ ಗೆಳೆಯರಿಗೆ ಇದೇ ಊರಿನಲ್ಲಿ ಇದಕ್ಕಿಂತ ಒರಟಾಗಿ ಬಾಗಿಲು ಹಾಕುತ್ತಾರೆ. ಒಬ್ಬರು ಬರಹದಲ್ಲಿ ಉತ್ತರ ಕೇಳಿದರೆ ಆಮೇಲೆ ಬರುವವರಿಗೂ ದಾರಿಯಾಗುತ್ತದೆ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಊರು ಉಡುಪಿ, ವರ್ಷಕ್ಕೆ ಐದಾರು ಸಲ ಹೋಗಿ ಬರುತ್ತೇವೆ. ಹಾಗಾಗಿ ನವಿ ಮುಂಬೈ ನೆರುಳ್‌ನಲ್ಲಿ ಸಿಡ್ಕೋ ಕಾಲದ ಹಳೆಯ ಫ್ಲ್ಯಾಟ್ ನೋಡಿದ್ದೇವೆ. ಎಚ್ಚರಿಕೆ ಏನು?
— ನಿವೃತ್ತರು, ಚೆಂಬೂರ್

ಉತ್ತರ: ಪನ್ವೇಲ್‌ನಲ್ಲಿ ಊರಿನ ಮತ್ಸ್ಯಗಂಧ ರೈಲು ಹತ್ತುವ ಅನುಕೂಲಕ್ಕಾಗಿ ಹಾರ್ಬರ್ ಲೈನಿನ ಆಚೆ ಮನೆ ಮಾಡಿದ ಕರಾವಳಿಯವರು ನೀವೊಬ್ಬರೇ ಅಲ್ಲ, ನಿಮ್ಮ ಲೆಕ್ಕ ಸರಿಯಾಗಿದೆ. 1970ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋ ನವಿ ಮುಂಬೈಯ ನೆಲವನ್ನು ಮಾರಿದ್ದಲ್ಲ, ಸಾಮಾನ್ಯವಾಗಿ 60 ವರ್ಷದ ಗುತ್ತಿಗೆಗೆ ಕೊಟ್ಟದ್ದು. ಹಾಗಾಗಿ ಸೊಸೈಟಿಯ ಜೊತೆಗೆ ಸಿಡ್ಕೋದ ವರ್ಗಾವಣೆ ಅನುಮತಿ, ಅದರ ಶುಲ್ಕ ಎರಡೂ ಇರುತ್ತವೆ. ಶುಲ್ಕ ಯಾರು ಕಟ್ಟುವುದೆಂದು ಮೊದಲೇ ಮಾತಾಡಿ. ಹಿಂದೆ ಆ ಮನೆ ಕೈ ಬದಲಾದಾಗಲೆಲ್ಲ ಅನುಮತಿ ಪಡೆದಿದ್ದಾರೆಯೇ ನೋಡಿ. ನಡುವೆ ಒಬ್ಬರು ಬರೀ ಪವರ್ ಆಫ್ ಅಟಾರ್ನಿಯಲ್ಲಿ ಮಾರಿದ್ದರೆ ಆ ಗಂಟು ಬಿಡಿಸುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ಇನ್ನೊಂದು, ಗೋಡೆ. ಸಮುದ್ರದ ಗಾಳಿಯ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣ ತಿನ್ನುತ್ತದೆ, ಕಬ್ಬಿಣ ಉಬ್ಬಿ ಸೀಲಿಂಗಿನ ಗಾರೆ ಉದುರುತ್ತದೆ. ಹೊಸ ಬಣ್ಣ ಬಳಿದ ಮನೆಯಲ್ಲಿ ಇದು ಕಾಣುವುದಿಲ್ಲ. ಮೇಲಿನ, ಕೆಳಗಿನ ಮನೆಯ ಬಚ್ಚಲುಮನೆಗಳ ಸೀಲಿಂಗ್ ನೋಡಿಕೊಂಡು ಬನ್ನಿ. ಅಲ್ಲೇ ಹತ್ತಿರದ ಗಾವ್‌ಠಾಣ್ (ಹಳೆಯ ಹಳ್ಳಿಯ ನೆಲ) ಕಟ್ಟಡಗಳಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂದು ಯಾರಾದರೂ ಕರೆದರೆ, ಹಿಂದಿನ ಪತ್ರಕ್ಕೂ ಮುಂಚಿನ ಡೊಂಬಿವಲಿಯ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ಪ್ರಶ್ನೆ: ನಾನು ಶಿರಸಿ ಹತ್ತಿರದ ಅಡಿಕೆ ಬೆಳೆಗಾರ. ಮಗ, ಸೊಸೆ ವಿಲೇ ಪಾರ್ಲೆಯಲ್ಲಿ 40 ವರ್ಷದ ಹಳೆಯ ಕಟ್ಟಡದಲ್ಲಿ ಒಂದು ಮನೆ ಕೊಳ್ಳಬೇಕೆಂದಿದ್ದಾರೆ. ರೀಡೆವಲಪ್‌ಮೆಂಟ್ ಆದರೆ ದೊಡ್ಡ ಮನೆ ಸಿಗುತ್ತದಂತೆ. ತೋಟದ ಅರ್ಧ ಮಾರಿ ದುಡ್ಡು ಕೊಡಿ ಅಪ್ಪ ಎನ್ನುತ್ತಿದ್ದಾನೆ. ಕೊಡಲೇ?
— ಒಬ್ಬ ತಂದೆ

ಉತ್ತರ: ಮಗನ ಮೇಲಿನ ಪ್ರೀತಿಗೂ ಈ ಕಟ್ಟಡಕ್ಕೂ ಸಂಬಂಧವಿಲ್ಲ ಎಂದುಕೊಂಡು ಇದನ್ನು ಓದಿ.

ವಿಲೇ ಪಾರ್ಲೆ ವಿಮಾನ ನಿಲ್ದಾಣದ ಮಗ್ಗುಲಿನಲ್ಲಿದೆ. ವಿಮಾನ ಏರಿಳಿಯುವ ದಾರಿಯ ಕೆಳಗಿನ ಕಟ್ಟಡಗಳಿಗೆ ಎತ್ತರದ ಮಿತಿ ಇದೆ. ರೀಡೆವಲಪ್‌ಮೆಂಟ್ ಎಂದರೆ ಹಳಬರಿಗೆ ಹೊಸ ಮನೆ ಕೊಟ್ಟು, ಮೇಲೆ ಎಬ್ಬಿಸಿದ ಮಹಡಿಗಳನ್ನು ಮಾರಿ ಬಿಲ್ಡರ್ ಲಾಭ ಮಾಡುವುದು. ಮೇಲೆ ಹೋಗಲು ಆಗದ ಕಡೆ ಬಿಲ್ಡರ್‌ಗೆ ಲೆಕ್ಕ ಕೂಡುವುದಿಲ್ಲ. ಪಾರ್ಲೆ, ಸಾಂತಾಕ್ರೂಜ್, ಕುರ್ಲಾದಲ್ಲಿ ಎಷ್ಟೋ ಹಳೆಯ ಕಟ್ಟಡಗಳು ಇದೇ ಕಾರಣಕ್ಕೆ ನಿಂತಲ್ಲೇ ಮುದಿಯಾಗುತ್ತಿವೆ. ಈ ಪ್ಲಾಟಿಗೆ ಎಷ್ಟು ಎತ್ತರ ಸಿಗುತ್ತದೆ ಎಂಬುದನ್ನು ಮಗ ಮೊದಲು ಸೊಸೈಟಿಯಿಂದ ತಿಳಿಯಲಿ.

ಆಮೇಲೆ ಪ್ರಾಪರ್ಟಿ ಕಾರ್ಡ್ ನೋಡಲಿ. ಅದರಲ್ಲಿ ಸೊಸೈಟಿಯ ಹೆಸರಿಲ್ಲದೆ ಇನ್ನೂ ಮೊದಲ ಬಿಲ್ಡರ್‌ನ ಹೆಸರೇ ಇದ್ದರೆ ಕನ್ವೇಯನ್ಸ್, ಅಂದರೆ ಸೊಸೈಟಿಯ ಹೆಸರಿಗೆ ನೆಲದ ವರ್ಗಾವಣೆ, ಆಗಿಲ್ಲ ಎಂದರ್ಥ. ಡೀಮ್ಡ್ ಕನ್ವೇಯನ್ಸ್ ಎಂಬ ದಾರಿ ಇದೆ, ಸಮಯ ಹಿಡಿಯುತ್ತದೆ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ, ಅದರ ವರದಿ ಕೇಳಲಿ. ಸಿ1 ಎಂದಿದ್ದರೆ ಖಾಲಿ ಮಾಡಿ ಕೆಡವಬೇಕಾದ ಕಟ್ಟಡ. ಬಿಲ್ಡರ್‌ನನ್ನು ಆರಿಸುವ ಸಭೆ ನಿಯಮದಂತೆ ನಡೆದಿದೆಯೇ? 2019ರ ಸರ್ಕಾರಿ ಮಾರ್ಗಸೂಚಿಯ ಪ್ರಕಾರ ಸಭೆಗೆ ಮೂರನೇ ಎರಡರಷ್ಟು ಸದಸ್ಯರು ಬರಬೇಕು, ಒಟ್ಟು ಸದಸ್ಯರಲ್ಲಿ ಶೇಕಡ 51 ಮಂದಿ ಒಪ್ಪಬೇಕು. ಡೆವಲಪ್‌ಮೆಂಟ್ ಅಗ್ರಿಮೆಂಟ್ ನೋಂದಣಿಯಾಗಿ ಬ್ಯಾಂಕ್ ಗ್ಯಾರಂಟಿ ಕೈಗೆ ಬರುವವರೆಗೆ ‘ದೊಡ್ಡ ಮನೆ’ ಎಂಬುದು ಬರೀ ಮಾತು.

ಅಗ್ರಿಮೆಂಟ್ ಆದರೂ ಭರವಸೆ ಪೂರ್ತಿಯಲ್ಲ. ಗೋರೆಗಾಂವ್‌ನ ಪತ್ರಾ ಚಾಳಿನ 672 ಕುಟುಂಬಗಳು 2008ರ ಒಪ್ಪಂದ ನಂಬಿ ಮನೆ ಬಿಟ್ಟವು. ಬಿಲ್ಡರ್ ಕೊಡುತ್ತಿದ್ದ ಬಾಡಿಗೆ ನಿಂತಿತು, ಕಟ್ಟಡದ ಕೆಲಸ ನಿಂತಿತು, ಹೊಸ ಮನೆಗಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಆ ನಡುವೆ ಮನೆ ನೋಡದೆಯೇ ತೀರಿಕೊಂಡ ಹಿರಿಯರಿದ್ದಾರೆ.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ: ತೋಟ ಮಾರಬೇಡಿ. ತೋಟ ವರ್ಷವೂ ನಿಮಗೆ ಅನ್ನ ಕೊಡುತ್ತದೆ, ಈ ಕಟ್ಟಡ ಯಾವಾಗ ಏನು ಕೊಡುತ್ತದೆ ಎಂದು ಯಾರೂ ಬರೆದುಕೊಡರು. ಕೈಯಲ್ಲಿ ಉಳಿತಾಯ ಇದ್ದರೆ ಅದರಿಂದ ಸಹಾಯ ಮಾಡಿ, ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರೂ ಸೇರಲಿ. ಇದು ಮಗನ ಮೇಲಿನ ಅಪನಂಬಿಕೆಯಲ್ಲ, ನಿಮ್ಮ ಮತ್ತು ನಿಮ್ಮ ಮನೆಯವರ ಮುಪ್ಪಿನ ರಕ್ಷಣೆ. ಮಗ-ಸೊಸೆಗೆ ಪಾರ್ಲೆಯೇ ಬೇಕೆಂದಿದ್ದರೆ, ಈಗಿನ ಗೋಡೆಗಳ ಬೆಲೆಗೆ ಚೌಕಾಸಿ ಮಾಡಿ ಕೊಳ್ಳಲಿ, ಮುಂದೆ ಬರಬಹುದಾದ ಮನೆಯ ಬೆಲೆಗಲ್ಲ.

ಪ್ರಶ್ನೆ: ಹುಟ್ಟಿದ್ದು, ಓದಿದ್ದು ಎಲ್ಲ ಮುಂಬೈಯಲ್ಲೇ, ಪಾಲಿಕೆಯ ಕನ್ನಡ ಶಾಲೆಯಲ್ಲಿ. ಈಗ ಆಸ್ಪತ್ರೆಯಲ್ಲಿ ನರ್ಸ್, ಮದುವೆಯಾಗಿಲ್ಲ. ಮ್ಹಾಡಾ ಲಾಟರಿಗೆ ಅರ್ಜಿ ಹಾಕಬಹುದೇ? ಒಬ್ಬ ಏಜೆಂಟ್ ಎರಡು ಲಕ್ಷ ಕೊಟ್ಟರೆ ‘ನಂಬರ್ ಹಚ್ಚಿಸುತ್ತೇನೆ’ ಎನ್ನುತ್ತಾನೆ.
— ನರ್ಸ್, ವರ್ಲಿ

ಉತ್ತರ: ಖಂಡಿತ ಹಾಕಿ. ಕನ್ನಡದವರಿಗೆ ಸಿಗುವುದಿಲ್ಲ ಎಂಬ ಮಾತು ಸುಳ್ಳು. ಬೇಕಾದದ್ದು ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದುದಕ್ಕೆ ಡೊಮಿಸೈಲ್ ಸರ್ಟಿಫಿಕೇಟ್, ನಿಮ್ಮ ಆದಾಯಕ್ಕೆ ತಕ್ಕ ವರ್ಗ, ಆದಾಯದ ದಾಖಲೆ. ನಿಮ್ಮ ಶಾಲೆಯ ಸರ್ಟಿಫಿಕೇಟೇ ಡೊಮಿಸೈಲ್‌ಗೆ ಗಟ್ಟಿ ಆಧಾರ. ಅದನ್ನು ಲಾಟರಿ ಪ್ರಕಟವಾಗುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಮುಂಬೈ ಮಂಡಳಿಯ ಜೊತೆಗೆ ಕೊಂಕಣ ಮಂಡಳಿಯ ಪ್ರಕಟಣೆಯನ್ನೂ ನೋಡುತ್ತಿರಿ, ಠಾಣೆ, ಕಲ್ಯಾಣ, ವಿರಾರ್ ಕಡೆಯ ಮನೆಗಳು ಅದರಲ್ಲಿ ಬರುತ್ತವೆ. ಸಿಕ್ಕ ಮನೆಯನ್ನು ಐದು ವರ್ಷ ಮಾರುವಂತಿಲ್ಲ.

ಲಾಟರಿ ತೆಗೆಯುವುದು ಕಂಪ್ಯೂಟರ್. ಮ್ಹಾಡಾ ಯಾವ ಏಜೆಂಟರನ್ನೂ ನೇಮಿಸಿಲ್ಲ. ಆ ಎರಡು ಲಕ್ಷ ಉಳಿಸಿಕೊಳ್ಳಿ. ಸಿಗದೆ ಹೋಗಿ ಮುಂದೆ ಮಾರುಕಟ್ಟೆಯಲ್ಲೇ ಕೊಂಡರೂ ನಿಮ್ಮೊಬ್ಬರ ಹೆಸರಿನಲ್ಲಿ ಕೊಳ್ಳಿ: ಮುಂಬೈಯಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇಕಡ 6, ಕೊಳ್ಳುವವರೆಲ್ಲ ಹೆಂಗಸರೇ ಆದರೆ ಶೇಕಡ 5. ಅಣ್ಣನ ಹೆಸರು ಜೊತೆಗೆ ಸೇರಿಸಿದರೆ ಆ ರಿಯಾಯಿತಿ ಹೋಗುತ್ತದೆ. ನೋಂದಣಿ ಶುಲ್ಕ 30,000 ರೂಪಾಯಿಗಿಂತ ಮೇಲೆ ಹೋಗುವುದಿಲ್ಲ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡ 1 ಟಿಡಿಎಸ್ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು, ಆ ರಸೀದಿಯನ್ನು ಅಗ್ರಿಮೆಂಟಿನ ಜೊತೆಗೇ ಇಟ್ಟುಕೊಳ್ಳಿ.